ಸೆಟ್ಟಿನಲ್ಲಿ ಮರೆತ ಬಾವಿ

ನಾನು ಕಟ್ಟಿದ ಮೊದಲ ಮರಳುಗಾಡು ಬೆಂಗಳೂರಿನ ಪೀಣ್ಯದಲ್ಲಿತ್ತು. ಎಪ್ಪತ್ತರ ದಶಕದ ಕೊನೆ. ಕಾರ್ಖಾನೆ ಏಳಬೇಕಿದ್ದ ಖಾಲಿ ಜಾಗವೊಂದನ್ನು ಸಿನಿಮಾ ನಿರ್ಮಾಪಕರು ಬಾಡಿಗೆಗೆ ಹಿಡಿದಿದ್ದರು. ಕಲಾ ನಿರ್ದೇಶಕನಾದ ನಾನು ಲಾರಿಗಟ್ಟಲೆ ಮರಳು ಸುರಿಸಿ, ದಿಬ್ಬ ಎಬ್ಬಿಸಿ, ಬಣ್ಣ ಸಾಲದೆಂದು ಇಟ್ಟಿಗೆ ಪುಡಿ ಬೆರೆಸಿದೆ. ಬೆಳಿಗ್ಗೆ ಕ್ಯಾಮೆರಾ ಬರುವ ಮೊದಲು ಹೆಜ್ಜೆ ಗುರುತುಗಳನ್ನೆಲ್ಲ ಪೊರಕೆಯಲ್ಲಿ ಅಳಿಸುತ್ತ ಹಿಂದೆ ಹಿಂದೆ ನಡೆದು ಬರುತ್ತಿದ್ದೆವು. ನಿಜವಾದ ಮರಳುಗಾಡನ್ನು ನಾನು ಕ್ಯಾಲೆಂಡರಿನಲ್ಲಿ ಮಾತ್ರ ನೋಡಿದ್ದೆ. ಜಂಬಕ್ಕೇನೂ ಕೊರತೆ ಇರಲಿಲ್ಲ.

ನನ್ನ ಹೆಂಡತಿಗೆ ಸರ್ಕಾರಿ ಕಾರ್ಖಾನೆಯೊಂದರಲ್ಲಿ ಕೆಲಸ. ಒಂದು ದಿನ ಶಿಫ್ಟ್ ಮುಗಿಸಿ, ಊಟದ ಡಬ್ಬಿ ಹಿಡಿದುಕೊಂಡೇ ಸೆಟ್ ನೋಡಲು ಬಂದಳು. ಹೊಗಳುತ್ತಾಳೆಂದು ಕಾದು ನಿಂತೆ.

"ಚೆನ್ನಾಗಿದೆ ಕಣ್ರೀ. ಇಲ್ಲಿ ಜನ ನೀರಿಗೆ ಎಲ್ಲಿಗೆ ಹೋಗ್ತಾರೆ?"

ನಿರ್ದೇಶಕರು ಕೇಳಿರಲಿಲ್ಲ, ಹೀರೋ ಕೇಳಿರಲಿಲ್ಲ. ನಾವಿದ್ದ ಬಾಗಲಗುಂಟೆಯ ಬೀದಿ ನಲ್ಲಿಯ ಮುಂದೆ ದಿನಾ ಕೊಡ ಇಟ್ಟು ಕಾಯುವವಳು ಕೇಳಿದಳು. "ಸಿನಿಮಾದವ್ರಿಗೆ ಬಾಯಾರಿಕೆ ಆಗಲ್ಲ ಬಿಡೇ" ಎಂದು ತಮಾಷೆ ಮಾಡಿದೆ. ಅವಳು ನಕ್ಕು ಮರೆತಳು. ನನ್ನ ತಲೆಯಿಂದ ಅದು ಹೋಗಲಿಲ್ಲ.

ಆ ಚಳಿಗಾಲ ರೈಲು ಹತ್ತಿ ರಾಜಸ್ಥಾನಕ್ಕೆ ಹೋದೆ. ಮರಳಿನ ನಡುವಿನ ಹಳ್ಳಿಯೊಂದರಲ್ಲಿ ಬಾವಿ ಸಿಕ್ಕಿತು. ನೀರು ಸೇದುತ್ತಿದ್ದ ಮುದುಕಿಗೆ ನನ್ನ ಹರಕು ಮುರುಕು ಹಿಂದಿಯಲ್ಲಿ ಹೆಂಡತಿಯ ಪ್ರಶ್ನೆ ಹೇಳಿದೆ. ಅವಳು ಒಂದು ಸೀಸೆ ತುಂಬ ನೀರು ಕೊಟ್ಟು, ಕೇಳಿದವಳಿಗೆ ಕುಡಿಸು ಎಂದಳು. ಆ ಹಳ್ಳಿಯಲ್ಲಿ ಕೊಟ್ಟ ನೀರನ್ನು ಚೆಲ್ಲುವಂತಿಲ್ಲ. ಚೆಲ್ಲಿದರೆ ಕೊಟ್ಟವರಿಗೆ ಅವಮಾನ.

ನಮ್ಮ ಅಡುಗೆಮನೆಯಲ್ಲಿ ನಿಂತು ಹೆಂಡತಿ ಒಂದು ಗುಟುಕು ಕುಡಿದು ಮುಖ ಹಿಂಡಿದಳು. "ಅಯ್ಯೋ, ಉಪ್ಪುಪ್ಪು!"

"ಚೆಲ್ಲಬಾರದಂತೆ" ಎಂದೆ.

ಪೂರ್ತಿ ಕುಡಿದಳು. "ಆ ಬಾವೀನ ನಾನೂ ನೋಡ್ಬೇಕು ಕಣ್ರೀ" ಎಂದಳು.

ನಾನು ಆ ಬಾವಿಯ ಬಗ್ಗೆಯೇ ಒಂದು ಪುಸ್ತಕ ಬರೆದೆ. "ಮರಳಿನ ಕಥೆ ಯಾರು ಓದ್ತಾರೆ ಸಾರ್" ಎಂದು ಪ್ರಕಾಶಕರು ಕೈ ಮುಗಿದರು. ಹಟಕ್ಕೆ ಬಿದ್ದು ನಾನೇ ಪ್ರಕಾಶಕನಾದೆ. ಲಗ್ಗೆರೆಯಲ್ಲಿ ಅಚ್ಚಾದ ಹಾಳೆಗಳನ್ನು ಮನೆಗೆ ತಂದರೆ ಅವಳೇ ಮಡಿಸಿ ಜೋಡಿಸುತ್ತಿದ್ದಳು, ಓದಿ ತಪ್ಪೂ ಹುಡುಕುತ್ತಿದ್ದಳು. ಬರಬರುತ್ತ ಸಿನಿಮಾ ಬಿಟ್ಟೆ. ಪ್ರತಿ ಚಳಿಗಾಲ ನಾನು ಆ ಹಳ್ಳಿಗೆ ಹೊರಡುವಾಗ ಅವಳಿಗೆ ರಜೆ ಇಲ್ಲ, ಇಲ್ಲವೇ ನನ್ನ ತಾಯಿಗೆ ಹುಷಾರಿಲ್ಲ. "ಮುಂದಿನ ಸಲ ಖಂಡಿತ ಬರ್ತೀನಿ" ಎಂದು ಖಾಲಿ ಸೀಸೆ ಕೈಗಿಡುತ್ತಿದ್ದಳು. ಅಲ್ಲಿನ ದಿಬ್ಬದ ಮೇಲೆ ಕುಳಿತರೆ ಅವಳ ನೆನಪು, ಮನೆಯಲ್ಲಿ ಕುಳಿತರೆ ದಿಬ್ಬದ ನೆನಪು. ಎರಡೂ ಒಟ್ಟಿಗೆ ನನಗೆ ಒಮ್ಮೆಯೂ ದಕ್ಕಲಿಲ್ಲ.

ಎಂಬತ್ತರ ದಶಕ ಮುಗಿಯುತ್ತ ಬಂದಾಗ ಅವಳಿಗೆ ಕೊನೆಗೂ ರಜೆ ಸಿಕ್ಕಿತು. ಮುಂದಿನ ವರ್ಷ ಹೆಂಡತಿಯನ್ನು ಕರೆದುಕೊಂಡೇ ಬರುತ್ತೇನೆಂದು ನಾನು ಹಿಂದಿನ ಚಳಿಗಾಲವೇ ಮುದುಕಿಗೆ ಮಾತು ಕೊಟ್ಟಾಗಿತ್ತು. ಹೊರಡುವ ಮೊದಲೇ ಹೆಂಡತಿಗೆ ಕಾಮಾಲೆ ಬಂತು. ಉಳಿಯಲಿಲ್ಲ.

ಕರ್ಮಗಳೆಲ್ಲ ಮುಗಿದ ಮೇಲೆ ಒಬ್ಬನೇ ಹೋದೆ. ಮನೆಯಲ್ಲಿ ಇರಲಾಗುತ್ತಿರಲಿಲ್ಲ. ನಾನು ಬಸ್ಸಿಳಿದ ಸುದ್ದಿ ಕೇಳಿ ಮುದುಕಿ ಬಾವಿಕಟ್ಟೆಯ ಮೇಲೆ ಎರಡು ಲೋಟ ನೀರು ತುಂಬಿಸಿಟ್ಟಿದ್ದಳು. ನನ್ನನ್ನು ಕಂಡು, ನನ್ನ ಹಿಂದಿನ ದಾರಿಯತ್ತ ನೋಡಿದಳು. ನಾನು ಇಲ್ಲವೆಂದು ತಲೆಯಾಡಿಸಿದೆ. ಅವಳಿಗೆ ಅರ್ಥವಾಯಿತು, ಲೋಟ ಮಾತ್ರ ತೆಗೆಯಲಿಲ್ಲ.

ಅಲ್ಲಿ ಕೊಟ್ಟ ನೀರು ಚೆಲ್ಲುವಂತಿಲ್ಲ. ಎರಡನ್ನೂ ನಾನೇ ಕುಡಿದೆ.