ಅಕ್ಕನನ್ನು ಕೂಗುವ ಸಾಫ್ಟ್‌ವೇರು

ನಾನು ಬಿಡುವಿನಲ್ಲಿ ಬರೆದ ಸಾಫ್ಟ್‌ವೇರುಗಳಲ್ಲಿ ಉಪಯೋಗಕ್ಕೆ ಬಂದದ್ದು ಒಂದೇ. ಅದೂ ಮೊದಮೊದಲು ಒಬ್ಬಳಿಗೇ, ದೇವನೂರಿನ ನಮ್ಮಕ್ಕನಿಗೆ. ಕೆಲಸಕ್ಕೆ ನಂಜನಗೂಡಿಗೆ ಹೋಗುವ ಅವಳಿಗೆ ದಿನಾ ಬಸ್ಸು ತಪ್ಪುತ್ತಿತ್ತು. ಈಗ ಬಸ್ಸು ಹಿಂದಿನ ಊರು ಬಿಟ್ಟ ತಕ್ಷಣ ಅಲ್ಲಿಯ ಟೀ ಅಂಗಡಿಯವನು ಫೋನಿನಲ್ಲಿ ಗುಂಡಿ ಒತ್ತುತ್ತಾನೆ. ಅಕ್ಕನ ಫೋನು ನನ್ನ ದನಿಯಲ್ಲೇ ಅರಚುತ್ತದೆ: "ಅಕ್ಕೋ! ಬಸ್ಸು ಬತ್ತಾ ಅದೆ! ಗ್ಯಾಸ್ ಆಫ್ ಮಾಡು, ಓಡು!"

ಹೋದ ವರ್ಷ ಇದನ್ನು ಓಪನ್ ಸೋರ್ಸ್ ಮಾಡಿಬಿಟ್ಟೆ. ಅಂದರೆ, ಯಾರು ಬೇಕಾದರೂ ತಗೊಳ್ಳಿ, ತಿದ್ದಿಕೊಳ್ಳಿ ಎಂದು ಕೋಡನ್ನೆಲ್ಲ ನೆಟ್‌ನಲ್ಲಿ ತೆರೆದಿಟ್ಟೆ. ದಾನಶೂರನ ಗತ್ತು ಬೇರೆ! ಆ ಗತ್ತಿನಲ್ಲಿ ದನಿಯ ಫೈಲನ್ನು ತೆಗೆಯುವುದು ಮರೆತೇ ಹೋಯಿತು.

ಟಿ. ನರಸೀಪುರದಲ್ಲಿ ನನ್ನ ಜೊತೆ ಕೆಲಸ ಮಾಡುವ ಮೂಗೂರಿನವನೊಬ್ಬ ಅದನ್ನು ತಮ್ಮೂರ ಬಸ್ಸಿಗೆ ಹೊಂದಿಸಿ ಬೀದಿಗೆಲ್ಲ ಹಂಚಿದ. ಒಂದು ದಿನ ನಾನು ಬೀಗರೂಟಕ್ಕೆಂದು ಮೂಗೂರಿಗೆ ಹೋಗಿ, ವಾಪಸು ಬರಲು ಬಸ್ ಸ್ಟಾಪಿನಲ್ಲಿ ನಿಂತಿದ್ದೆ. ಗಿರಿಜಾ ಮೀಸೆಯ ಯಜಮಾನರೊಬ್ಬರ ಜೇಬಿನಿಂದ ನಾನು ಅರಚಿದೆ. ಆಮೇಲೆ ಹೂವಿನ ಬುಟ್ಟಿಯಿಂದ. ಆಮೇಲೆ ಸುತ್ತಮುತ್ತಲಿಂದೆಲ್ಲ.

"ಯಾವನ್ಲಾ ಅವ್ನು, ದಿನಾ ನನ್ನ ಅಕ್ಕ ಅಂತಾನೆ?" ಎಂದರು ಯಜಮಾನರು.

"ಏನಾದ್ರೂ ಅನ್ಲಿ ಬುಡಿ, ಬಸ್ ತಪ್ಪಾಕಿಲ್ಲ," ಎಂದಳು ಹೂವಿನವಳು.

ನಾನು ಬಾಯಿ ಬಿಗಿದುಕೊಂಡು ಬಸ್ಸು ಹತ್ತಿದೆ. ಕಂಡಕ್ಟರ್ ಬಿಡಬೇಕಲ್ಲ! "ಟಿ. ನರಸೀಪುರ ಒಂದು" ಎಂದೆನೋ ಇಲ್ಲವೋ, ಇಡೀ ಬಸ್ಸು ತಿರುಗಿ ನೋಡಿತು.

ನಗುತ್ತಾ ಅಕ್ಕನಿಗೆ ಫೋನು ಮಾಡಿ ಹೇಳಿದೆ. ಅವಳು ನಗಲಿಲ್ಲ.

"ಕೋಡು ಗೀಡು ಯಾರ್ಗಾದ್ರೂ ಕೊಟ್ಕೊ. ನೀನು ನನ್ನ ಕೂಗೋದ್ನ ಯಾಕ್ಲಾ ಕೊಟ್ಟೆ?" ಎಂದು ಫೋನು ಇಟ್ಟೇಬಿಟ್ಟಳು.

ಮನೆಗೆ ಬಂದವನೇ ಕೂಗನ್ನು ಕಿತ್ತು ಬಿಸಾಕಿ, ಆ ಜಾಗಕ್ಕೆ ಗಂಟೆಯ ಸದ್ದು ಹಾಕಿದೆ. ಎಲ್ಲರ ಫೋನೂ ನೆಟ್‌ನಲ್ಲಿದ್ದ ನನ್ನ ಫೈಲಿನಿಂದಲೇ ದನಿ ಎಳೆದುಕೊಳ್ಳುತ್ತಿದ್ದರಿಂದ ಎಲ್ಲಕ್ಕೂ ಅದೇ ಬಂತು.

ಮಾರನೆಯ ದಿನ ಬೆಳಿಗ್ಗೆಯೇ ಮೂಗೂರಿನವನು ಫೋನಿನಲ್ಲಿ ಎಗರಾಡಿದ. "ಗಂಟೆ ಯಾಕ್ಲಾ ಆಕ್ದೆ? ನಮ್ಮವ್ವ ಮಂಗಳಾರತಿ ಅಂತ ಕಣ್ಮುಚ್ಚಿ ಕೈ ಮುಗ್ದು ನಿಂತ್ಕಂಡ್ಳು. ಬಸ್ಸು ಓಯ್ತು!"

ಅವನಿಗೆ ಸಮಾಧಾನ ಹೇಳಿ ಇಡುವಷ್ಟರಲ್ಲಿ ಅಕ್ಕನ ಫೋನು. ಎಲ್ಲರ ಫೋನು ಅಂದರೆ ಅವಳದೂ ಸೇರಿತ್ತಲ್ಲ, ಅದು ನನ್ನ ಮಂಡೆಗೆ ಹೊಳೆದೇ ಇರಲಿಲ್ಲ.

"ಇವತ್ತು ಗಂಟೆ ಒಡೀತು ಕಣ್ಲಾ," ಎಂದಳು. ದನಿ ಸಣ್ಣಗಿತ್ತು. "ನೀನು ಕೂಗ್ಲೇ ಇಲ್ಲ."

ಅಕ್ಕಪಕ್ಕದ ಮನೆಯವರು ಏನೆಂದುಕೊಂಡರೂ ಸರಿ ಎಂದು ಫೋನು ಹಿಡಿದೇ ಅಂಗಳದಲ್ಲಿ ನಿಂತು ಗಂಟಲು ಹರಿಯುವ ಹಾಗೆ ಅರಚಿದೆ: "ಅಕ್ಕೋ! ಬಸ್ಸು ಬತ್ತಾ ಅದೆ! ಗ್ಯಾಸ್ ಆಫ್ ಮಾಡು, ಓಡು!"

ಅವಳು ಕಿಸಕ್ಕನೆ ನಕ್ಕಳು.

"ಬಸ್ಸು ದಿನಾ ಬತ್ತದೆ ಕಣ್ಲಾ," ಎಂದಳು. "ನೀನು ಯಾವಾಗ್ಲಾ ಬರೋದು?"