ಅಂಟಕ್ಕ ಹೊಲಿದ ಕೊನೆಯ ಹಾಳೆಗಳು

ಆ ಪ್ರಾಥಮಿಕ ಶಾಲೆಗೆ ವರ್ಗವಾಗಿ ಹೋದ ಮೊದಲ ದಿನ ಸೀಮೆಸುಣ್ಣ ತರಲೆಂದು ಸಾಮಾನಿನ ಕೋಣೆಯ ಹೊಸ್ತಿಲು ದಾಟಹೊರಟೆ. ಎತ್ತಿದ ಕಾಲು ಇನ್ನೂ ಗಾಳಿಯಲ್ಲೇ ಇತ್ತು.

"ಮೇಷ್ಟ್ರೇ, ನಿಲ್ಲಿ, ನಿಲ್ಲಿ! ತುಳಿದುಬಿಟ್ಟೀರಿ. ಅಲ್ಲಿ ಕಥೆ ಒಣಗ್ತಾ ಇದೆ."

ನೆಲದ ತುಂಬ ಹಾಳೆಗಳು ಹರಡಿದ್ದವು. ನಲವತ್ತರ ಆಸುಪಾಸಿನ ಹೆಂಗಸೊಬ್ಬರು ಗೋಡೆಗೆ ಒರಗಿ, ಕಾಲು ಚಾಚಿ, ಎರಡು ಪಾದಗಳ ನಡುವೆ ಪುಸ್ತಕವೊಂದನ್ನು ಒತ್ತಿ ಹಿಡಿದು ದಬ್ಬಳದಿಂದ ಅದರ ಬೆನ್ನು ಹೊಲಿಯುತ್ತಿದ್ದರು. ಪಕ್ಕದ ಬಟ್ಟಲಿನಲ್ಲಿ ಕುದಿಸಿದ ಹಿಟ್ಟಿನ ಅಂಟು. ಅದಕ್ಕೆ ನಸುನೀಲಿ ಬಣ್ಣವಿತ್ತು.

"ಮೈಲುತುತ್ತ ಹಾಕಿದೀನಿ, ಹುಳ ಹತ್ರ ಬರಲ್ಲ," ಎಂದರು. "ಮಕ್ಕಳು ಬರ್ತವೆ. ಹುಳಕ್ಕಿಂತ ಅವನ್ನ ಕಾಯೋದೇ ಕಷ್ಟ."

ಅವರು ಶಾಲೆಯ ಆಯಾ. ಗಂಟೆ ಹೊಡೆಯುವುದು, ಐದು ಕೋಣೆ ಗುಡಿಸುವುದು, ನೀರು ತುಂಬುವುದು ಅವರ ಕೆಲಸ. ಹರಿದ ಪುಸ್ತಕ ಕಟ್ಟುವುದು ಯಾರೂ ಹೇಳದೆ ಹಚ್ಚಿಕೊಂಡದ್ದು. ತಂದೆ ಒಂದು ಮುದ್ರಣಾಲಯದಲ್ಲಿ ರಟ್ಟು ಕಟ್ಟುವವರಾಗಿದ್ದರಂತೆ. ಅಕ್ಷರ ಕಲಿಯುವ ಮೊದಲೇ ಮಗಳು ದಾರಕ್ಕೆ ಮೇಣ ಸವರಲು ಕಲಿತಿದ್ದಳು. ಓದಿದ್ದು ಐದನೆಯ ತರಗತಿಯವರೆಗೆ. ಬೆರಳ ತುದಿಯಲ್ಲಿ ಸದಾ ಒಣ ಅಂಟಿನ ಪೊರೆ ಏಳುತ್ತಿದ್ದುದರಿಂದ ಮಕ್ಕಳು ಅಂಟಕ್ಕ ಎಂದು ಕರೆದರು, ನಾವೂ ಹಾಗೆಯೇ ಕರೆದೆವು.

ಶಾಲೆಯ ಹಿಂದಿನ ಬೀದಿಯಲ್ಲಿ, ದರ್ಜಿಯ ಅಂಗಡಿಗೆ ಅಂಟಿಕೊಂಡ ಒಂದೇ ಕೋಣೆಯ ಮನೆ ಅವರದು. ಇದ್ದವರು ಅವರು ಮತ್ತು ಅವರ ಅತ್ತೆ. ಗಂಡ ಲಾರಿ ಚಾಲಕ. ಹೊರೆ ಹೇರಿಕೊಂಡು ಹೋದವನು ಹಿಂದಿರುಗಿರಲಿಲ್ಲ. ಲಾರಿ ಸಿಕ್ಕಿತು, ಅವನು ಸಿಗಲಿಲ್ಲ. ಮರುವರ್ಷ ಅತ್ತೆ ಬಿದ್ದು ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದರು. ಬೆಳಿಗ್ಗೆ ಅವರನ್ನು ಎತ್ತಿ ಕೂರಿಸಿ, ಮೈ ಒರೆಸಿ, ಉಣಿಸಿ, ಹಾಸಿಗೆಯ ಬಟ್ಟೆ ಒಗೆದು ಹಾಕಿ, ಶಾಲೆಯ ಬೀಗ ತೆಗೆಯುವ ಹೊತ್ತಿಗೆ ಅಂಟಕ್ಕನ ಅರ್ಧ ದಿನದ ಶಕ್ತಿ ಮುಗಿದಿರುತ್ತಿತ್ತು. "ಸಾಕಾಯ್ತು ಮೇಷ್ಟ್ರೇ" ಎನ್ನುವುದು ಅವರ ನಮಸ್ಕಾರವಿದ್ದ ಹಾಗೆ. ಹಾಗೆನ್ನುತ್ತಲೇ ದಾರ ಪೋಣಿಸುತ್ತಿದ್ದರು.

ಮಕ್ಕಳ ಕೈಗೆ ಸಿಕ್ಕ ಕಥೆಪುಸ್ತಕದಲ್ಲಿ ಮೊದಲು ಕಳಚುವುದು ಕೊನೆಯ ಹಾಳೆ. ಹಾಗೆ ಕಳೆದುಹೋದ ಕಡೆಯಲ್ಲೆಲ್ಲ ಅಂಟಕ್ಕ ಒಂದು ಖಾಲಿ ಹಾಳೆ ಹೊಲಿಯುತ್ತಿದ್ದರು. ಆಮೇಲೆ ಆ ಪುಸ್ತಕವನ್ನು ಹಿಂದೆ ಓದಿದ್ದ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಕರೆದು, "ಕೊನೆಗೇನಾಯ್ತು, ಹೇಳು" ಎಂದು ಕೇಳುತ್ತಿದ್ದರು. ಒಬ್ಬ ಹೇಳುವುದು ಇನ್ನೊಬ್ಬನಿಗೆ ಕೇಳಿಸಕೂಡದು. ಮೂವರು ಒಂದೇ ಹೇಳಿದರೆ, ಮಕ್ಕಳ ಮಾತಿನಲ್ಲೇ, ನೀಲಿ ಶಾಯಿಯಲ್ಲಿ, ಗುಂಡಗಿನ ಅಕ್ಷರದಲ್ಲಿ ಬರೆಯುತ್ತಿದ್ದರು. ಮೂರು ಬಾಯಿ ಒಂದಾಗದಿದ್ದರೆ ಹಾಳೆ ಖಾಲಿಯೇ ಉಳಿಯುತ್ತಿತ್ತು. ಎರಡು ವರ್ಷ ಖಾಲಿ ಬಿದ್ದಿದ್ದ ಹಾಳೆಗಳೂ ಇದ್ದವು.

ಈ ನಿಯಮ ಅವರು ಮುರಿದದ್ದು ಒಂದೇ ಸಲ. ನಾನು ಅಲ್ಲೇ ಇದ್ದೆ.

ಅದೊಂದು ಕುಂಬಾರನ ಕತ್ತೆಯ ಕಥೆ. ಕತ್ತೆ ತಪ್ಪಿಸಿಕೊಳ್ಳುತ್ತದೆ, ಕುಂಬಾರ ಊರೂರು ಹುಡುಕುತ್ತಾನೆ. ಆಮೇಲಿನ ಹಾಳೆ ಇಲ್ಲ. ಇಬ್ಬರು ಮಕ್ಕಳು, "ಸಿಗಲ್ಲ, ಅವನು ಬೇರೆ ಕತ್ತೆ ತರ್ತಾನೆ" ಎಂದರು. ಮೂರನೆಯವಳು ಎರಡನೆಯ ತರಗತಿಯ ಹುಡುಗಿ, ಮುಂದಿನ ಹಲ್ಲು ಎರಡೂ ಇರಲಿಲ್ಲ.

"ಬಂತು."

"ಸರಿಯಾಗಿ ನೆನಪು ಮಾಡ್ಕೊ ಪುಟ್ಟಿ."

"ಬಂತು ಅಂಟಕ್ಕ. ಬಂದು ಬಾಗಿಲು ಗುದ್ದಿತು. ಗೊರಸಲ್ಲಿ ಇನ್ನೂ ಮಣ್ಣಿತ್ತು." ಹೇಳುತ್ತ ಹುಡುಗಿಯ ತುಟಿ ನಡುಗತೊಡಗಿತು.

ಅಂಟಕ್ಕ ಪೆನ್ನು ತೆಗೆದರು. "ಇಬ್ಬರು ಬೇರೆ ಹೇಳಿದ್ರಲ್ಲ?" ಎಂದೆ ನಾನು.

"ಗೊತ್ತು ಮೇಷ್ಟ್ರೇ. ಹೋದ ವರ್ಷ ಇದರ ಬೆನ್ನು ಹೊಲಿಯುವಾಗ ನಾನೇ ಓದಿದೀನಿ. ಅದು ಬರಲ್ಲ." ಪುಸ್ತಕವನ್ನು ತೊಡೆಯ ಮೇಲೆ ಬಿಡಿಸಿಟ್ಟುಕೊಂಡರು. "ಇವತ್ತು ಬಹಳ ಸುಸ್ತು. ಬಂತು ಅಂತಲೇ ಬರೆದುಬಿಡ್ತೀನಿ."

ಆ ಪುಸ್ತಕ ಕೈಯಿಂದ ಕೈಗೆ ಓಡಾಡಿತು. ಆ ಹುಡುಗಿ ಬೆಳೆದು ಶಾಲೆ ಬಿಟ್ಟಳು. ಹದಿನೈದು ವರ್ಷ ಮಕ್ಕಳೆಲ್ಲ ಕತ್ತೆ ಬಂತೆಂದೇ ಓದಿಕೊಂಡರು.

ಅಂಟಕ್ಕನ ನಿವೃತ್ತಿಗೆ ಎಂಟು ತಿಂಗಳಿರುವಾಗ ಹೊಸ ಮುಖ್ಯೋಪಾಧ್ಯಾಯಿನಿ ಬಂದರು. ಒಳ್ಳೆಯವರು, ಅಚ್ಚುಕಟ್ಟಿನವರು. ಶಾಲೆಯಲ್ಲಿ ಪುಸ್ತಕದ ದಿನ ನಡೆಸಬೇಕೆಂದರು. ಪ್ರತಿ ತರಗತಿಯೂ ಒಂದು ಕಥೆ ಓದಬೇಕು, ಒಂದು ಕಥೆ ಹೇಳಬೇಕು. ಅದಕ್ಕೆಂದು ದಾನಿಗಳಿಂದ ಎರಡು ಪೆಟ್ಟಿಗೆ ಹೊಸ ಪುಸ್ತಕಗಳನ್ನೂ ತರಿಸಿದರು.

"ಮೇಷ್ಟ್ರೇ, ಸಾಮಾನಿನ ಕೋಣೆಯ ಬೀರುವಿನಲ್ಲಿರೋ ಹರಕು ಪುಸ್ತಕ, ಅದರಲ್ಲೂ ಕೈಬರಹ ಇರೋವು, ಮಕ್ಕಳ ಕೈಗೆ ಕೊಡೋ ಹಾಗಿಲ್ಲ. ಪಟ್ಟಿ ಮಾಡಿ. ಪುಸ್ತಕದ ದಿನ ಮುಗಿದ ಮೇಲೆ ಗುಜರಿಗೆ ಹಾಕಿಬಿಡೋಣ."

ಪಟ್ಟಿ ಮಾಡಿದವನು ನಾನೇ. ಅಂಟಕ್ಕ ಬೀರುವಿನ ಬಾಗಿಲು ಹಿಡಿದು ನಿಂತಿದ್ದರು.

"ಎಷ್ಟಾಯ್ತು ಮೇಷ್ಟ್ರೇ?"

"ನಲವತ್ತಮೂರು."

"ನಲವತ್ನಾಲ್ಕು ಇರಬೇಕು. ಒಂದನ್ನ ಯಾವುದೋ ಕೋತಿಮರಿ ಮನೆಗೆ ಒಯ್ದಿದೆ." ನಕ್ಕರು, ಆದರೆ ನಗು ಹೆಚ್ಚು ಹೊತ್ತು ಉಳಿಯಲಿಲ್ಲ. "ಇಷ್ಟು ವರ್ಷ ಗುಡಿಸಿದ್ದು ಯಾರ ಕಣ್ಣಿಗೂ ಬೀಳಲ್ಲ, ಮಾರನೇ ದಿನ ಮತ್ತೆ ಕಸ. ನಾನಿಲ್ಲಿದ್ದೆ ಅನ್ನೋಕೆ ಇದೊಂದು ಬೀರು ಇತ್ತು."

"ನಾನು ಮೇಡಂಗೆ ಹೇಳ್ತೀನಿ."

"ಬೇಡಿ. ವಾದ ಮಾಡೋಕೆ ನಂಗೆ ತ್ರಾಣ ಇಲ್ಲ. ನೀವು ನನ್ನ ಪರ ವಾದ ಮಾಡೋದನ್ನ ನಿಂತು ಕೇಳೋಕೂ ಇಲ್ಲ."

ಪುಸ್ತಕದ ದಿನ ಬೆಳಿಗ್ಗೆಯೇ ಅವರು ಅಂಗಳಕ್ಕೆ ಹಗ್ಗ ಬಿಗಿದು, ಮಕ್ಕಳು ಬರೆದ ಚಿತ್ರಗಳನ್ನು ಸಾಲಾಗಿ ತೂಗುಹಾಕಿ, ನೀರಿನ ಕೊಳಗದ ಪಕ್ಕ ಹೋಗಿ ನಿಂತರು. ಮಕ್ಕಳ ಗದ್ದಲ ಹಂಚು ಹಾರಿಸುವಂತಿತ್ತು. ನಾಲ್ಕನೆಯ ತರಗತಿಯ ಹುಡುಗಿಯೊಬ್ಬಳು ಹೊಸ ಪೆಟ್ಟಿಗೆಯಿಂದ ಪುಸ್ತಕವೊಂದನ್ನು ಹಿಡಿದು ಬಂದಳು. ಅದೇ ಕುಂಬಾರನ ಕತ್ತೆ. ಸೊಗಸಾಗಿ ಓದಿದಳು. ಕೊನೆಯಲ್ಲಿ, "ಕುಂಬಾರ ಬಹಳ ದಿನ ಕಾದ. ಆಮೇಲೆ ಇನ್ನೊಂದು ಕತ್ತೆ ಕೊಂಡು ತಂದ" ಎಂದಳು.

"ಇಲ್ಲಾ!" ಎಂದಿತು ಅಂಗಳ.

"ಕತ್ತೆ ಬರುತ್ತೆ ಮೇಡಂ! ಬಂದು ಬಾಗಿಲು ಗುದ್ದುತ್ತೆ!"

"ಇವಳು ಹಾಳೆ ಹಾರಿಸಿದಾಳೆ!"

"ಅಯ್ಯೋ, ಇದರಲ್ಲಿ ಹಾಗೇ ಇದೆ ಕಣ್ರೋ," ಎಂದು ಹುಡುಗಿ ಅಳುಮುಖ ಮಾಡಿದಳು. ಯಾರೋ ಓಡಿಹೋಗಿ ಬೀರುವಿನ ಹಳೆಯ ಪ್ರತಿ ತಂದು ಮುಖ್ಯೋಪಾಧ್ಯಾಯಿನಿಯ ಕೈಗಿಟ್ಟರು. ಅವರು ನೀಲಿ ಶಾಯಿಯ ಹಾಳೆಯನ್ನು ಎರಡು ಸಲ ಓದಿದರು.

"ಯಾರು ಬರೆದದ್ದು ಇದನ್ನ?"

"ನಾನೇ ಮೇಡಮ್ಮ," ಎಂದರು ಅಂಟಕ್ಕ, ನೀರಿನ ಚೊಂಬು ಕೆಳಗಿಡದೆ. "ಆ ಮಗೂದು ಏನೂ ತಪ್ಪಿಲ್ಲ. ಹೊಸ ಪುಸ್ತಕದಲ್ಲಿರೋದೇ ಸರಿ."

"ಹಾಗಾದ್ರೆ ಎಲ್ಲದಕ್ಕೂ ನೀವೇ ಕಥೆ ಕಟ್ಟಿದೀರಾ?"

"ಇಲ್ಲಮ್ಮ. ಮಿಕ್ಕಿದ್ದಕ್ಕೆಲ್ಲ ಮೂರು ಬಾಯಿ ಇದೆ. ಇದೊಂದಕ್ಕೆ ಇಲ್ಲ."

ಮೂರು ಬಾಯಿ ಎಂದರೇನೆಂದು ನಾನು ವಿವರಿಸಿದೆ. ಮುಖ್ಯೋಪಾಧ್ಯಾಯಿನಿ ಮಾತು ನಂಬುವವರಲ್ಲ, ತಾಳೆ ನೋಡುವವರು. ಹಳೆಯ ರಾಶಿಯಲ್ಲಿದ್ದ ಇನ್ನೂ ಮೂರು ಪುಸ್ತಕಗಳಿಗೆ ಹೊಸ ಪೆಟ್ಟಿಗೆಯಲ್ಲಿ ಜೋಡಿ ಸಿಕ್ಕಿತು. ಮಕ್ಕಳೆದುರಿಗೇ ಅಚ್ಚಿನ ಕೊನೆಯನ್ನೂ ಕೈಬರಹದ ಕೊನೆಯನ್ನೂ ಓದಿಸಿದರು. ಮಾತು ಬೇರೆ, ನಡೆದದ್ದು ಅದೇ. ಒಂದರಲ್ಲಿ ಅಚ್ಚಿನವರು "ರಾಜನು ಬಹಳ ಪಶ್ಚಾತ್ತಾಪಪಟ್ಟನು" ಎಂದಿದ್ದರು. ನಮ್ಮ ಮಕ್ಕಳು "ರಾಜಂಗೆ ನಾಚ್ಕೆ ಆಗಿ ಊಟ ಸೇರ್ಲಿಲ್ಲ" ಎಂದಿದ್ದರು.

ಮುಖ್ಯೋಪಾಧ್ಯಾಯಿನಿ ನಕ್ಕುಬಿಟ್ಟರು. "ಆ ಪಟ್ಟಿ ಹರಿದು ಹಾಕಿ ಮೇಷ್ಟ್ರೇ. ಅವು ಅಲ್ಲೇ ಇರಲಿ. ಇದೂ ಇರಲಿ ಬಿಡಿ," ಎಂದು ಕತ್ತೆಯ ಪುಸ್ತಕ ಚಾಚಿದರು.

ಅಂಟಕ್ಕ ಅದನ್ನು ತೆಗೆದುಕೊಂಡರು, ಆದರೆ ಬೀರುವಿನಲ್ಲಿಡಲಿಲ್ಲ. "ಇದು ಇಲ್ಲಿದ್ರೆ ಬೇರೆಯವನ್ನೂ ಯಾರೂ ನಂಬಲ್ಲ ಮೇಡಮ್ಮ. ಮನೆಗೆ ಒಯ್ತೀನಿ." ಮಕ್ಕಳು ಗೊಳೋ ಎಂದರು. ಅವರು ಕೇಳಿಸದವರಂತೆ ಹೋಗಿ ಊಟದ ಗಂಟೆ ಹೊಡೆದರು, ಐದು ನಿಮಿಷ ಮೊದಲೇ.

ಇದಾಗಿ ನಾಲ್ಕು ವರ್ಷವಾಯಿತು. ನಾವಿಬ್ಬರೂ ನಿವೃತ್ತರು. ಪುಸ್ತಕದ ದಿನ ಈಗಲೂ ನಡೆಯುತ್ತದೆ. ಮೊದಲ ವರ್ಷ ಅಂಟಕ್ಕನನ್ನು ಕರೆಸಿ ಕುರ್ಚಿ ಹಾಕಿ ಕೂರಿಸಿದ್ದರು. ಎರಡನೆಯ ಕಥೆಗೇ ಅವರಿಗೆ ನಿದ್ದೆ ಹತ್ತಿತು, ಮಕ್ಕಳು ಎಬ್ಬಿಸಲಿಲ್ಲ. ಬೀರು ಅಲ್ಲೇ ಇದೆ. ಅಂಟಕ್ಕನ ಬೆರಳ ಗಂಟುಗಳು ಊದಿಕೊಂಡಿವೆ, ದಬ್ಬಳ ಹಿಡಿಯಲಾಗುವುದಿಲ್ಲ.

ಹೋದ ತಿಂಗಳು ಅವರ ಮನೆಗೆ ಹೋಗಿದ್ದೆ. ಮಧ್ಯಾಹ್ನದ ಹೊತ್ತು, ಗೋಡೆಯಾಚೆ ದರ್ಜಿಯ ಯಂತ್ರ ಸದ್ದುಮಾಡುತ್ತಿತ್ತು. ಅತ್ತೆಗೆ ಎಂಬತ್ತೈದು ದಾಟಿದೆ, ಈಗ ಯಾವುದೂ ನೆನಪಿನಲ್ಲಿ ನಿಲ್ಲುವುದಿಲ್ಲ. ಅಂಟಕ್ಕ ದಿನವೂ ಊಟವಾದ ಮೇಲೆ ಹಾಸಿಗೆಯ ಪಕ್ಕ ಕುಳಿತು ಅವರಿಗೆ ಅದೇ ಪುಸ್ತಕ ಓದುತ್ತಾರೆ. ಅತ್ತೆಗೆ ಅದು ದಿನವೂ ಹೊಸದು.

ನಾನು ಹೋದಾಗ ಕುಂಬಾರ ಮೂರನೆಯ ಊರಿನಲ್ಲಿ ಹುಡುಕುತ್ತಿದ್ದ. ಓದುತ್ತ ಓದುತ್ತ ಅಂಟಕ್ಕನ ಕಣ್ಣು ಮುಚ್ಚಿತು, ತಲೆ ವಾಲಿತು. ಅತ್ತೆ ಪಕ್ಕದಲ್ಲಿದ್ದ ಕೋಲಿನಿಂದ ಮೆಲ್ಲಗೆ ತಿವಿದರು.

"ಏ ಹುಡುಗಿ, ನಿದ್ದೆ ಮಾಡೋಕೆ ಕೂತ್ಯಾ? ಮುಂದೆ ಹೇಳು. ಬಂತಾ?"

ಅಂಟಕ್ಕ ಬೆಚ್ಚಿ ಕಣ್ಣು ಬಿಟ್ಟರು. ಕನ್ನಡಕ ಹುಡುಕಲಿಲ್ಲ, ಹಾಳೆಯನ್ನೂ ತಿರುಗಿಸಲಿಲ್ಲ.

"ಬಂತು ಅತ್ತೆ. ಬಾಗಿಲು ಗುದ್ದಿತು. ಒಳಗೆ ಕರ್ಕೊಂಡಿದೀನಿ. ನೀವಿನ್ನು ಮಲಗಿ."