ಎರಡೂ ಕಡೆಯ ಗಿರಿಜಕ್ಕ

ಗಿರಿಜಕ್ಕನ ಅಡುಗೆಮನೆಯಲ್ಲಿ ದಿನಾ ಇಬ್ಬರು ಜಗಳವಾಡುತ್ತಿದ್ದರು, ಇಬ್ಬರೂ ಗಿರಿಜಕ್ಕನೇ. ಕಾಯಿ ತುರಿಯುವಾಗ ಅವರು ರಾಜ. "ಎಲವೋ ದೂತಾ, ಯಾರ ಮುಂದೆ ನಿಂತಿರುವೆ, ಬಲ್ಲೆಯಾ?" ಎಂದು ಗುಡುಗುವರು. ಒಲೆಯ ಕಡೆ ತಿರುಗಿದರೆ ಸಂಧಾನಕ್ಕೆ ಬಂದ ದೂತ. "ಬಲ್ಲೆ ಪ್ರಭೂ, ಬಲ್ಲೆನಾದ್ದರಿಂದಲೇ ಬಂದೆ" ಎಂದು ಸ್ವರ ತಗ್ಗಿಸುವರು. ಅಷ್ಟರಲ್ಲಿ ಕುಕ್ಕರ್ ಕೂಗಿದರೆ ಆಸ್ಥಾನ ಬರಖಾಸ್ತು.

ಡೊಂಬಿವಲಿಯಲ್ಲಿ ಅವರ ಮನೆಯ ಮೇಲಿನ ಮಾಳಿಗೆಯಲ್ಲಿ ನಾವಿದ್ದೆವು. ಅವರ ತಂದೆ ಊರಿನಲ್ಲಿ ತಾಳಮದ್ದಳೆಯ ಅರ್ಥಧಾರಿ. ಅದರಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ್ಯ ಹಾಡಿದ ಮೇಲೆ ಎದುರುಬದುರು ಕೂತವರು ಆ ಕ್ಷಣಕ್ಕೆ ತೋಚಿದ ಮಾತು ಹೆಣೆಯಬೇಕು; ಆ ಮಾತಿಗೇ ಅರ್ಥ ಎಂದು ಹೆಸರು. ಡೊಂಬಿವಲಿಯ ಹೆಂಗಸರದ್ದೇ ಒಂದು ತಾಳಮದ್ದಳೆ ಕೂಟ ಕಟ್ಟಬೇಕೆಂಬುದು ಗಿರಿಜಕ್ಕನ ಆಸೆ. ನನ್ನನ್ನೂ ಸೇರಿಸಿ ನಾಲ್ಕೈದು ಜನರಿಗೆ ಹೇಳಿಕೊಟ್ಟಿದ್ದರು. ಕೂಟ ಮಾತ್ರ ಶುರುವಾಗುತ್ತಿರಲಿಲ್ಲ. ಒಮ್ಮೆ ಮಗನ ಹತ್ತನೇ ಕ್ಲಾಸು, ಒಮ್ಮೆ ಗಂಟಲು ಸರಿಯಿಲ್ಲ, ಒಮ್ಮೆ ಮಳೆಗೆ ಲೋಕಲ್ ರೈಲು ನಿಂತರೆ ಭಾಗವತರು ಬರುವುದು ಹೇಗೆ.

"ಅಕ್ಕ, ಮಳೆ ಬಿಟ್ಟು ತಿಂಗಳಾಯ್ತು" ಎಂದೆ ಒಂದು ದಿನ.

"ನಾಟಕದಲ್ಲಿ ಮಾತು ಮರೆತ್ರೆ ಪರದೆ ಎಳೀಬಹುದು. ಇಲ್ಲಿ ಪರದೆಯೇ ಇಲ್ಲ ಮಾರಾಯ್ತಿ" ಎಂದರು. "ಎದುರಿನವ ಎಂತ ಕೇಳ್ತಾನೆ ಅಂತ ದೇವರಿಗೂ ಗೊತ್ತಿರುದಿಲ್ಲ. ಮೊದಲ ದಿನವೇ ನಾನು ಬಾಯಿ ಕಟ್ಟಿ ಕೂತ್ರೆ, ಮತ್ತೆ ಈ ಊರಲ್ಲಿ ಯಾವ ಹೆಂಗಸೂ ಕೂತ್ಕೊಳ್ಲಿಕ್ಕಿಲ್ಲ."

ಅವರ ಗಂಡ ಸದಾನಂದಣ್ಣ ಠಾಣೆಯ ನೌಪಾಡಾದ ಹೋಟೆಲೊಂದರ ಗಲ್ಲೆಯಲ್ಲಿ ಕೂರುವವರು, ಮಿತಭಾಷಿ. ಊರವರ ತಾಳಮದ್ದಳೆ ಕೇಳಿ ಬಂದು ಚಪ್ಪಲಿ ಬಿಡುತ್ತಾ, "ನೀನು ಮೊನ್ನೆ ಸಾಂಬಾರಿಗೆ ಹೇಳಿದ ಅರ್ಥದ ಅರ್ಧವೂ ಇರ್ಲಿಲ್ಲ" ಎನ್ನುವರು. ಅದಕ್ಕೂ ಗಿರಿಜಕ್ಕ ಜಗ್ಗಲಿಲ್ಲ.

ಜಗ್ಗಿಸಿದ್ದು ಪಕ್ಕದ ಮನೆಗೆ ಹೊಸದಾಗಿ ಬಂದ ಮರಾಠಿ ಹೆಂಗಸು; ನಾವು ಅವರನ್ನು ಕಾಕು, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದೆವು. ಒಂದು ಬೆಳಿಗ್ಗೆ ನಾನು ಅಲ್ಲೇ ಕೂತಿದ್ದಾಗ ಬಾಗಿಲು ಬಡಿದು, ಗಿರಿಜಕ್ಕನ ಕೈ ಹಿಡಿದು, "ಸಂಸಾರದಲ್ಲಿ ಇದೆಲ್ಲ ಇದ್ದದ್ದೇ ತಾಯಿ, ದಿನಾ ಇಷ್ಟು ಕೂಗಾಡಬಾರದು" ಎಂದು ಮರಾಠಿಯಲ್ಲಿ ಬುದ್ಧಿ ಹೇಳಿದರು. ಸದಾನಂದಣ್ಣ ಹೋಟೆಲಿಗೆ ಹೋಗಿ ಎರಡು ತಾಸಾಗಿತ್ತು! ನಕ್ಕು ನಕ್ಕು ಕಣ್ಣೊರೆಸಿಕೊಂಡು ಗಿರಿಜಕ್ಕ ರಾಜನ, ದೂತನ ಕತೆ ವಿವರಿಸಿದರು. ಕಾಕು ನಗಲಿಲ್ಲ. ಗಂಭೀರವಾಗಿ, "ಪಣ್ ಮಗ ಜಿಂಕ್ಲಂ ಕೋಣ್?" ಎಂದರು. ಅಂದರೆ, ಕೊನೆಗೆ ಗೆದ್ದವರು ಯಾರು?

ಒಂದು ದಿನವೂ ಗಿರಿಜಕ್ಕ ವಾದವನ್ನು ಕೊನೆ ಮುಟ್ಟಿಸಿರಲಿಲ್ಲ. ಕಾಕು ಹೋದ ಮೇಲೆ ನನ್ನ ಕಡೆ ತಿರುಗಿ, "ಭಾಗವತರಿಗೆ ಫೋನು ಮಾಡು. ಈಗಲೇ ಮಾಡು, ಮಧ್ಯಾಹ್ನಕ್ಕೆ ನನ್ನ ಮನಸ್ಸು ತಿರುಗ್ತದೆ" ಎಂದರು.

ಹಾಗೆ ಒಂದು ಭಾನುವಾರ, ಎರಡು ಸಾವಿರದ ಹತ್ತರ ಆಸುಪಾಸು, ನಮ್ಮ ಹೌಸಿಂಗ್ ಸೊಸೈಟಿಯ ಹಾಲಿನಲ್ಲಿ ಚಾಪೆ ಹಾಸಿದೆವು. ಮೊದಲ ಕೂಟಕ್ಕೆ ಗಿರಿಜಕ್ಕ ದೂತ. ಎದುರಿಗೆ ರಾಜನಾಗಿ, ಕಲ್ಯಾಣದಿಂದ ಅತಿಥಿಯಾಗಿ ಬಂದಿದ್ದ ವಾಸಣ್ಣ ಎಂಬ ಹಳೆಯ ಹುಲಿ. ಭಾಗವತರು ಪದ್ಯ ಮುಗಿಸಿದರು. ಗಿರಿಜಕ್ಕನ ಮೊದಲ ಮಾತು ನಡುಗಿತು, ಎರಡನೆಯದು ನೆಟ್ಟಗೆ ನಿಂತಿತು, ಆಮೇಲೆ ಹೊಳೆಯ ಹಾಗೆ ಹರಿಯಿತು. ಎಷ್ಟು ಹರಿಯಿತೆಂದರೆ, ದೂತನ ಮಾತು ಮುಗಿದದ್ದೇ ಅಭ್ಯಾಸಬಲದಿಂದ ತಟ್ಟನೆ ಆಚೆ ತಿರುಗಿ, "ಎಲವೋ ದೂತಾ, ಸಾಕು ನಿಲ್ಲಿಸು!" ಎಂದು ರಾಜನ ಅರ್ಥವನ್ನೂ ತಾವೇ ಹೇಳತೊಡಗಿದರು. ಬಾಯಿ ತೆರೆದಿದ್ದ ವಾಸಣ್ಣ ತೆರೆದೇ ಉಳಿದರು. ಮೂರು ವಾಕ್ಯ ಆದ ಮೇಲೆ ಗಿರಿಜಕ್ಕನಿಗೆ ಗೊತ್ತಾಯಿತು. ಮಾತು ನಿಲ್ಲಿಸಿದರು. ನಾನು ತಲೆ ತಗ್ಗಿಸಿದೆ.

ವಾಸಣ್ಣ ಗಂಟಲು ಸರಿಮಾಡಿಕೊಂಡರು. "ಎಲೈ ದೂತನೇ, ನನ್ನ ಮಾತನ್ನೂ ನೀನೇ ಆಡಿದೆ. ನಾನು ಸುಮ್ಮನಿದ್ದರೆ ಸಿಂಹಾಸನಕ್ಕೆ ಅವಮಾನ, ಆಡಿದರೆ ನಿನ್ನ ಎಂಜಲು. ಇದಕ್ಕೇನೆನ್ನುವೆ?"

ಯಾರೂ ಊಹಿಸದ ಪ್ರಶ್ನೆಯೆಂದರೆ ಇದೇ. ಗಿರಿಜಕ್ಕ ಸೆರಗು ಸರಿಪಡಿಸಿಕೊಂಡು ಕೈಮುಗಿದರು. "ಪ್ರಭೂ, ದಾರಿ ದೂರ, ಜೊತೆಗೆ ಯಾರೂ ಇರಲಿಲ್ಲ. ತಮ್ಮ ಪರವಾಗಿಯೂ ನಾನೇ ವಾದಿಸುತ್ತಾ ಬಂದೆ. ದಾರಿಯುದ್ದಕ್ಕೂ ತಾವು ಸೋತಿದ್ದೀರಿ. ಅಲ್ಲಿ ನೋಡಿದವರಿಲ್ಲ. ಇಲ್ಲಿ ಸಭೆಯಿದೆ, ಸಂಧಾನಕ್ಕೆ ಒಪ್ಪಿದರೆ ಮರ್ಯಾದೆ ಉಳಿದೀತು."

ಮೊದಲು ನಕ್ಕವರು ವಾಸಣ್ಣ. ಆಮೇಲೆ ಚಪ್ಪಾಳೆ ನಿಲ್ಲಲೇ ಇಲ್ಲ. ಭಾಷೆ ತಿಳಿಯದ ಕಾಕು ಎಲ್ಲರಿಗಿಂತ ಜೋರಾಗಿ ತಟ್ಟಿದರು.

ಮುಗಿದ ಮೇಲೆ ಗಿರಿಜಕ್ಕ ಗೋಡೆಗೊರಗಿ ಕಾಲು ಚಾಚಿ, ಲೋಟ ನೀರು ಗಟಗಟ ಕುಡಿದು, "ಇಷ್ಟೆಯಾ ಇದು?" ಎಂದರು. "ಛೆ! ಇಷ್ಟಕ್ಕಾ ನಾನು ಆ ಕುಕ್ಕರಿನೊಟ್ಟಿಗೆ ಅಷ್ಟು ವರ್ಷ ಕಳೆದದ್ದು?"

ಕೂಟ ನಿಲ್ಲದೆ ನಡೆಯಿತು. ನಾವು ಠಾಣೆಯ ವರ್ತಕ ನಗರಕ್ಕೆ ಮನೆ ಬದಲಿಸಿದ ಮೇಲೆ ನಾನೇ ತಪ್ಪಿಸಿಕೊಂಡೆ. ಗಿರಿಜಕ್ಕ ಈಗಿಲ್ಲ. ಕೊನೆಯ ಸಲ ಕಂಡದ್ದು ಠಾಣೆ ಸ್ಟೇಷನ್ನಿನ ಸೇತುವೆಯ ಮೇಲೆ. ತಮ್ಮ ಹೆಂಗಸರ ದಂಡು ಕಟ್ಟಿಕೊಂಡು ಸಾನಪಾಡಾದ ಕಾರ್ಯಕ್ರಮಕ್ಕೆಂದು ಗಾಡಿ ಬದಲಿಸುತ್ತಿದ್ದರು.

"ಅಕ್ಕ, ಇವತ್ತು ಎದುರಿಗೆ ಯಾರು?"

"ಯಾರಿಗೊತ್ತು ಮಾರಾಯ್ತಿ, ಕೇಳ್ಲಿಲ್ಲ" ಎಂದವರೇ ಜನರ ನಡುವೆ ಮೆಟ್ಟಿಲಿಳಿದು ಹೋದರು.